ವ್ಯವಹಾರಕ್ಕೆ ಕಾರು: ಹೊಸದೋ, ಹಳೆಯದೋ?

ಗುಡೇಕೋಟೆಯಂತಹ ಹೋಬಳಿ ಕೇಂದ್ರದ ವ್ಯಾಪಾರಿಗೆ ಕಾರು ಆಡಂಬರದ ವಸ್ತುವಲ್ಲ. ಕೂಡ್ಲಿಗಿ, ಕೊಟ್ಟೂರು, ಹೊಸಪೇಟೆಗಳಿಗೆ ಮೇಲಿಂದ ಮೇಲೆ ಹೋಗಿಬರಬೇಕಾದವರಿಗೆ ಅದು ತಕ್ಕಡಿಯಷ್ಟೇ ಅಗತ್ಯವಾದ ಸಾಧನ. ಆದ್ದರಿಂದ ಕೊಳ್ಳುವ ಬೆಲೆಯೊಂದನ್ನೇ ನೋಡದೆ, ವರ್ಷಕ್ಕೆ ತಗಲುವ ಒಟ್ಟು ವೆಚ್ಚವನ್ನು ಲೆಕ್ಕಹಾಕಿ ನಿರ್ಧರಿಸುವುದು ಲೇಸು.

ಒಂದು ಉದಾಹರಣೆ

ಹೊಸ ಕಾರಿಗೆ 7,00,000 ರೂ., ಐದು ವರ್ಷ ಹಳೆಯದಾದ ಅದೇ ಮಾದರಿಗೆ 3,50,000 ರೂ. ಎಂದು ಭಾವಿಸೋಣ. ಐದು ವರ್ಷಗಳ ನಂತರ ಅವು ಕ್ರಮವಾಗಿ 3,50,000 ಮತ್ತು 1,50,000 ರೂ.ಗೆ ಮಾರಾಟವಾದರೆ ವಾರ್ಷಿಕ ವೆಚ್ಚ ಹೀಗಿರುತ್ತದೆ:

ಬೆಲೆಯ ಇಳಿಕೆ: ಹೊಸದು 70,000, ಹಳೆಯದು 40,000
ಬಂಡವಾಳದ ಮೇಲೆ ಶೇ. 9 ಬಡ್ಡಿ: 63,000, 31,500
ವಿಮೆ: 20,000, 10,000
ದುರಸ್ತಿ: 12,000, 35,000
ಒಟ್ಟು: 1,65,000, 1,16,500

ಹಳೆಯ ಕಾರಿನಿಂದ ವರ್ಷಕ್ಕೆ 48,500 ರೂ. ಉಳಿತಾಯ. ಆದರೆ ಕಾರು ಕೆಟ್ಟು ನಿಂತ ದಿನ ವ್ಯವಹಾರದಲ್ಲಿ 4,000 ರೂ. ನಷ್ಟವಾಗುವುದಾದರೆ, ಅಂತಹ ಹನ್ನೆರಡು ದಿನಗಳಲ್ಲಿ ಈ ಉಳಿತಾಯ ಬಹುತೇಕ ಕರಗುತ್ತದೆ. ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ತೆರಿಗೆಯ ವಿಚಾರ

ನಾಲ್ಕು ಮೀಟರ್ ಉದ್ದ ಮೀರದ, 1200 ಸಿಸಿವರೆಗಿನ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಆದಕಾರಣ ಹಳೆಯ ಕಾರಿನ ಬೆಲೆಯನ್ನು ಅದರ ಮಾಲೀಕರು ಅಂದು ಕೊಟ್ಟ ಬೆಲೆಗಲ್ಲ, ಇಂದಿನ ಹೊಸ ಕಾರಿನ ಬೆಲೆಗೆ ಹೋಲಿಸಿ ಚೌಕಾಸಿ ಮಾಡಬೇಕು. ಸ್ವಂತ ಓಡಾಟದ ಕಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ಸಾಗಣೆ ವಾಹನಕ್ಕೆ ದೊರೆಯುತ್ತದೆ. ಆದಾಯ ತೆರಿಗೆಯಲ್ಲಿ ವ್ಯವಹಾರದ ಕಾರಿಗೆ, ಹೊಸದಿರಲಿ ಹಳೆಯದಿರಲಿ, ಶೇ. 15 ಸವಕಳಿ ಉಂಟು. ಆದರೆ ಒಬ್ಬರಿಗೆ ಒಂದೇ ದಿನ 10,000 ರೂ.ಗೂ ಹೆಚ್ಚು ನಗದು ಕೊಟ್ಟರೆ ಆ ಪಾವತಿಯು ಸವಕಳಿಯ ಲೆಕ್ಕಕ್ಕೆ ಸೇರದು. ಹಳೆಯ ಕಾರನ್ನು ನಗದು ಕೊಟ್ಟು ಕೊಳ್ಳುವವರು ಇದನ್ನು ಮರೆಯಬಾರದು.

ದಾಖಲೆಗಳೇ ಜೀವಾಳ

ಆಂಧ್ರದ ರಾಯದುರ್ಗ ನಮಗೆ ಸಮೀಪ. ಅಲ್ಲಿನ ನೋಂದಣಿಯ ಕಾರು ಅಗ್ಗವೆಂದು ತೋರಿದರೂ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ ಹಾಗೂ ಮರುನೋಂದಣಿಯ ವೆಚ್ಚವನ್ನು ಕೂಡಿಸಿಯೇ ಬೆಲೆ ಹೋಲಿಸಬೇಕು. ಕಾರಿನ ಮೇಲೆ ಸಾಲವಿದ್ದಲ್ಲಿ ಅದು ತೀರಿ, ಆರ್.ಸಿ.ಯಲ್ಲಿನ ಸಾಲದ ನಮೂದು ರದ್ದಾಗಿರಬೇಕು. ಖರೀದಿಯಾದ ಕೂಡಲೇ ನಮೂನೆ 29 ಮತ್ತು 30ರ ಮೂಲಕ ಹೆಸರು ಬದಲಾಯಿಸಿ, ವಿಮೆಯನ್ನೂ ವರ್ಗಾಯಿಸಿಕೊಳ್ಳಬೇಕು.

ಹಳೆಯ ಕಾರನ್ನು ಮಾರಿ ಹೊಸದು ಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ಕಾರು ಕೈಬದಲಾದರೂ ನೋಂದಣಿಯಲ್ಲಿ ಹೆಸರಿರುವವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಅಪಘಾತ ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಪರಿಚಯದವರೆಂಬ ವಿಶ್ವಾಸದಿಂದ ಸಹಿ ಮಾಡಿದ ಖಾಲಿ ನಮೂನೆ ಕೊಟ್ಟು ಸುಮ್ಮನಾದರೆ, ಯಾರದೋ ಅಪಘಾತಕ್ಕೆ ನಮ್ಮ ಅಂಗಡಿಯ ಬಂಡವಾಳವನ್ನೇ ತೆರಬೇಕಾದೀತು.

ಒಟ್ಟಿನಲ್ಲಿ, ಓಡಾಟ ಮಿತವಾಗಿದ್ದು ನಂಬಿಕೆಯ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ, ದಾಖಲೆ ಶುದ್ಧವಾಗಿರುವ ಹಳೆಯ ಕಾರು ಸಾಕು. ಒಂದು ದಿನವೂ ನಿಲ್ಲಬಾರದ ವ್ಯವಹಾರಕ್ಕೆ ಹೊಸದೇ ಮೇಲು. ದಾಖಲೆ ಸರಿಯಿಲ್ಲದ ಕಾರು ಮಾತ್ರ ಎಷ್ಟು ಅಗ್ಗವಾದರೂ ಬೇಡ.