ಕಲ್ಲು ಕಟ್ಟುವ ವಿದ್ಯೆ

ಅಡುಗೆಮನೆಯ ಒಲೆಯಿಂದ ದೇವಾಲಯದ ಕಂಬದವರೆಗೆ ನಮ್ಮ ಹಿರಿಯರ ಬಾಳಿಗೆ ಆಧಾರವಾಗಿದ್ದುದು ಕಲ್ಲು. ಕಲ್ಲಿನ ಕೆಲಸಕ್ಕೆ ಮೈಬಲವೊಂದಿದ್ದರೆ ಸಾಕೆಂದು ನಾವು ತಿಳಿಯುವುದುಂಟು. ಆದರೆ ಅದಕ್ಕೆ ಬುದ್ಧಿಯೂ ಬೇಕು. ಮನೆಯವರ ಪ್ರಾಣವೇ ಅದನ್ನು ಅವಲಂಬಿಸಿದೆ. ಈ ವಿದ್ಯೆಯ ಮೂರು ಪಾಠಗಳನ್ನು ನೋಡೋಣ.

ಮೊದಲನೆಯದು, ಕಲ್ಲನ್ನು ಅರಿಯುವುದು. ಕೊಲ್ಲಾಪುರ, ಇಚಲಕರಂಜಿಗಳ ಸುತ್ತಲಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಆರಿ ಆದದ್ದು. ಅದು ಬಹಳ ಭಾರ ತಡೆಯುತ್ತದೆ, ಆದರೆ ಉಳಿಗೆ ಬೇಗ ಬಗ್ಗದು. ಅಂಥ ಕಲ್ಲನ್ನೇ ಪಳಗಿಸಿ 12ನೆಯ ಶತಮಾನದಲ್ಲಿ, ಶಿಲಾಹಾರರ ಕಾಲದಲ್ಲಿ, ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ಕಟ್ಟಿದರು. ಅದರ ಸ್ವರ್ಗಮಂಟಪದಲ್ಲಿ 48 ಕಂಬಗಳಿವೆ. ಗಡಹಿಂಗ್ಲಜ ಬಳಿಯ ಸಾಮಾನಗಡದ ಕಡೆ ಸಿಗುವ ಜಂಬಿಟ್ಟಿಗೆಯ ಗುಣವೇ ಬೇರೆ. ಮರಾಠಿಯಲ್ಲಿ ಅದನ್ನು ‘ಜಾಂಭಾ’ ಎನ್ನುತ್ತಾರೆ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಅದು ಗಟ್ಟಿಯಾಗುತ್ತದೆ.

ಎರಡನೆಯದು, ಒಲೆ ಹೂಡುವುದು. ಮೂರು ಕಲ್ಲಿಟ್ಟರೆ ಪಾತ್ರೆ ಅಲುಗದು. ನಾಲ್ಕಿಟ್ಟರೆ ಮಟ್ಟ ತಪ್ಪುವ ಭಯ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆಂಬ ರೇಖಾಗಣಿತ ಇಲ್ಲಿದೆ. ಆದರೆ ನೀರು ಹೀರಿದ ಹೊಳೆಗಲ್ಲನ್ನು ಒಲೆಗೆ ಹಾಕಬಾರದು. ಒಳಗಿನ ನೀರು ಹಬೆಯಾಗಿ ಹಿಗ್ಗಿ, ಕಲ್ಲು ಸಿಡಿದು ಕಣ್ಣಿಗೆ ಬಡಿದೀತು. ಹೊಸ ಒಲೆಗೆ ಮೊದಲ ದಿನ ಸಣ್ಣ ಉರಿಯನ್ನೇ ಹಾಕಬೇಕು.

ಮೂರನೆಯದು, ಗೋಡೆ ಕಟ್ಟುವುದು. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರಕೂಡದು. ಗೋಡೆ ನೆಟ್ಟಗಿದೆಯೇ ಎಂಬುದನ್ನು ಗವಂಡಿಯ ‘ಓಳಂಬಾ’, ಅಂದರೆ ದಾರಕ್ಕೆ ಕಟ್ಟಿದ ತೂಗುಗುಂಡು, ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಬಂಧಗಲ್ಲು. ದಪ್ಪ ಗೋಡೆಗೆ ಒಳಮೈ, ಹೊರಮೈ ಎಂದು ಎರಡು ಪದರ. ಈ ಮೈಯಿಂದ ಆ ಮೈಗೆ ಹಾಯುವ ಉದ್ದಗಲ್ಲು ಅವೆರಡನ್ನೂ ಹಿಡಿದಿಡುತ್ತದೆ. ಎತ್ತರದಲ್ಲಿ 60 ಸೆಂಟಿಮೀಟರಿಗೊಮ್ಮೆ, ಉದ್ದದಲ್ಲಿ 1.2 ಮೀಟರಿನೊಳಗೆ ಒಂದರಂತೆ ಅದು ಇರಬೇಕು.

1967ರ ಡಿಸೆಂಬರ್ 11ರಂದು ಕೊಯ್ನೆಯಲ್ಲಿ ಭೂಮಿ ನಡುಗಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದಾಗ ಮಲಗಿದ್ದ ಸಾವಿರಾರು ಜನ ತಮ್ಮ ಮನೆಗಳಡಿಯಲ್ಲೇ ಮಡಿದರು. ಮಣ್ಣಿನ ಗಾರೆಯಲ್ಲಿ ಒರಟುಗಲ್ಲು ಪೇರಿಸಿದ, ಬಂಧಗಲ್ಲಿಲ್ಲದ ದಪ್ಪ ಗೋಡೆಗಳ ಪದರಗಳು ಬೇರ್ಪಟ್ಟು ಕುಸಿದವು. ಮೇಲಿದ್ದ ಭಾರವಾದ ಮಣ್ಣಿನ ಮಾಳಿಗೆಯೂ ಬಿತ್ತು. ಗೋಡೆ ದಪ್ಪವಿದ್ದ ಮಾತ್ರಕ್ಕೆ ಭದ್ರವಲ್ಲ.

ಪಾಲಕರೇ, ಹಳೆಯ ಕಲ್ಲುಮನೆಯ ಗೋಡೆ ಹೊಟ್ಟೆಯುಬ್ಬಿದ್ದರೆ ಸುಣ್ಣ ಬಳಿದು ಮುಚ್ಚದಿರಿ. ಪದರಗಳು ಬೇರೆಯಾಗುತ್ತಿರುವ ಸೂಚನೆ ಅದು. ಬಲ್ಲ ಗವಂಡಿಯನ್ನು ಕರೆದು ತೋರಿಸಿರಿ.

ಅಭ್ಯಾಸ:
1. ದಾರಕ್ಕೆ ಕಲ್ಲು ಕಟ್ಟಿ ನಿಮ್ಮ ಮನೆಯ ಗೋಡೆ ನೆಟ್ಟಗಿದೆಯೇ ಪರೀಕ್ಷಿಸಿರಿ.
2. ಊರಿನ ಹಿರಿಯ ಗವಂಡಿಯಿಂದ ಉಪಕರಣಗಳ ಕನ್ನಡ, ಮರಾಠಿ ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ. ಆ ಹೆಸರುಗಳನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ.