ಟ್ರಂಕಿನೊಳಗಿನ ಹಾಡು ಮನೆಯೆಲ್ಲ ಕೇಳಲಿ

ನಿಮ್ಮ ಮನೆಯ ಅಟ್ಟದ ಮೇಲೋ, ಮಂಚದ ಕೆಳಗಿನ ಟ್ರಂಕಿನಲ್ಲೋ ಹಳೆಯ ಕ್ಯಾಸೆಟ್‌ಗಳ ಪೆಟ್ಟಿಗೆಯೊಂದು ಇದ್ದೇ ಇರಬೇಕು. ಎಸೆಯಲು ಮನಸ್ಸಾಗುವುದಿಲ್ಲ, ಕೇಳೋಣವೆಂದರೆ ಟೇಪ್ ರೆಕಾರ್ಡರ್ ಸರಿಯಿಲ್ಲ. ಕಾಳಿಂಗರಾಯರ ಭಾವಗೀತೆ, ವಿಲ್ಫಿ ರೆಬಿಂಬಸರ ಕೊಂಕಣಿ ಹಾಡು, ತಂಗಿಯ ಮದುವೆಯ ರೋಸಿನ ಸಂಜೆ ಯಾರೋ ತುಂಬಿಕೊಂಡ ಗದ್ದಲ, ಎಲ್ಲವೂ ಅದರಲ್ಲಿದೆ. ಅನಂತರ ಬಂದ ಸಿ.ಡಿ.ಗಳು ಷೋಕೇಸಿನಲ್ಲಿವೆ. ಮಗನ ಹಾಡುಗಳು ಅವನ ಮೊಬೈಲಿನಲ್ಲಿವೆ. ಹೀಗೆ ಒಂದೇ ಮನೆಯ ಸಂಗೀತ ನಾಲ್ಕು ಕಡೆ ಚದರಿಹೋಗಿ, ಕೊನೆಗೆ ಯಾರೂ ಏನನ್ನೂ ಒಟ್ಟಿಗೆ ಕೇಳದಂತಾಗಿದೆ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಜೋಗುಳಗಳನ್ನು ಚೆನ್ನಾಗಿ ಹಾಡುತ್ತಿದ್ದರು. ಅವರ ಧ್ವನಿಯಿದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ, ಪಾಕಿಸ್ತಾನಗಳ ವಿಶ್ವಕಪ್ ಕ್ರಿಕೆಟ್ ಪಂದ್ಯ ನಡೆದಾಗ ಕೈಗೆ ಸಿಕ್ಕಿದ ಕ್ಯಾಸೆಟ್ ಹಾಕಿ ರೇಡಿಯೋ ವಿವರಣೆಯನ್ನು ರೆಕಾರ್ಡ್ ಮಾಡಿದವನು ನಾನೇ. ಸಿಕ್ಕಿದ್ದು ಅದೇ ಕ್ಯಾಸೆಟ್. ಈಗ ಅದರಲ್ಲಿ ಅಜ್ಜನ ಹಾಡು ಹನ್ನೊಂದು ನಿಮಿಷ ಮಾತ್ರ ಉಳಿದಿದೆ. ಆದ್ದರಿಂದ ಮುಂದೆ ಓದುವ ಮೊದಲು ಎದ್ದುಹೋಗಿ, ಮನೆಯವರ ಧ್ವನಿಯಿರುವ ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಆಮೇಲೆ ಅದರ ಮೇಲೆ ಯಾರೂ ತಿಳಿಯದೆ ರೆಕಾರ್ಡ್ ಮಾಡಲಾರರು.

ಈಗ ವಿಷಯಕ್ಕೆ ಬರೋಣ. ಮನೆಯ ಎಲ್ಲ ಸಂಗೀತವನ್ನು ಒಂದೇ ಕಡೆ ಕೂಡಿಟ್ಟು, ಬೇಕಾದ ಕೋಣೆಯಲ್ಲಿ ಬೇಕಾದದ್ದನ್ನು ಕೇಳುವಂತೆ ಮಾಡಲು ದೊಡ್ಡ ಯಂತ್ರವೇನೂ ಬೇಡ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ಮಕ್ಕಳು ಕಂಪ್ಯೂಟರ್ ವಿದ್ಯೆ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರ ಫೆಬ್ರವರಿ 29ರಂದು ಇದನ್ನು ಮೊದಲು ಹೊರತಂದರು. ಪರದೆಯಿಲ್ಲ, ಕೀಲಿಮಣೆಯಿಲ್ಲ, ಬರಿಯ ಒಂದು ಹಲಗೆ. ಸಂಗೀತದ ಕೆಲಸಕ್ಕೆ ಅದು ಎಳೆಯುವ ವಿದ್ಯುತ್ತು ಮೂರು, ನಾಲ್ಕು ವಾಟ್. ಹಗಲು ರಾತ್ರಿ ಉರಿಸಿದರೂ ತಿಂಗಳಿಗೆ ಎರಡು ಮೂರು ಯೂನಿಟ್ಟು ಆದೀತು.

ಇದು ಕೆಲಸ ಮಾಡುವ ಬಗೆ ನಮ್ಮ ಮನೆಗಳ ಅಡಿಗೆಮನೆಯಂತೆಯೇ. ಅಡಿಗೆ ಆಗುವುದು ಒಂದು ಕಡೆ, ಉಣ್ಣುವವರು ಹಲವು ಕಡೆ. ಸಂಗೀತವೆಲ್ಲ ಇರುವ ಯಂತ್ರಕ್ಕೆ ಸರ್ವರ್ ಎಂದು ಹೆಸರು, ಅದೇ ಬಡಿಸುವವನು. ಕೋಣೆಗಳಲ್ಲಿದ್ದು ಸ್ಪೀಕರಿಗೆ ಧ್ವನಿ ಕೊಡುವ ಯಂತ್ರ ಪ್ಲೇಯರ್. ಇವೆರಡರ ನಡುವಿನ ದಾರಿ ಮನೆಯ ವೈಫೈ ರೂಟರ್. ಹಾಡು ಇಡಿಯಾಗಿ ಹೋಗುವುದಿಲ್ಲ, ತುಣುಕು ತುಣುಕಾಗಿ ಹರಿದುಹೋಗುತ್ತದೆ. ಪ್ಲೇಯರ್ ಮುಂದಿನ ಕೆಲವು ಕ್ಷಣಗಳಿಗಾಗುವಷ್ಟನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಹಾಗೆ! ವೈಫೈ ಅರೆಗಳಿಗೆ ಕೈಕೊಟ್ಟರೂ ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ.

ಇಲ್ಲೊಂದು ಸಂದೇಹ ನಿಮಗೆ ಬರಬಹುದು. ತಿಂಗಳಿಗಿಷ್ಟು ಎಂದು ಹಣ ಕಟ್ಟಿದರೆ ಇಂಟರ್‌ನೆಟ್ಟಿನಲ್ಲಿ ಲಕ್ಷಾಂತರ ಹಾಡು ಸಿಗುವಾಗ ಈ ತಾಪತ್ರಯ ಏಕೆ? ಕೇಳುವುದರಲ್ಲಿ ತಪ್ಪಿಲ್ಲ, ನಾನೂ ಕೇಳುತ್ತೇನೆ. ಆದರೆ ಬಾಡಿಗೆಯ ಮನೆಯನ್ನು ಮಾಲೀಕ ಯಾವಾಗಲಾದರೂ ಬಿಡಿಸಬಹುದು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿಹೋಯಿತು. ಮೇಲಾಗಿ, ಅಜ್ಜನ ಜೋಗುಳ ಯಾವ ಕಂಪನಿಯ ಪಟ್ಟಿಯಲ್ಲಿದ್ದೀತು?

ನಾನು ಆರಿಸಿಕೊಂಡ ಸರ್ವರ್ ತಂತ್ರಾಂಶದ ಚರಿತ್ರೆಯೂ ಇದೇ ಪಾಠ ಹೇಳುತ್ತದೆ. ಸ್ಲಿಮ್ ಡಿವೈಸಸ್ ಎಂಬ ಸಣ್ಣ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಪ್ಲೇಯರುಗಳನ್ನು ಮಾಡುತ್ತಿತ್ತು. 2006ರಲ್ಲಿ ಲಾಜಿಟೆಕ್ ಅದನ್ನು ಕೊಂಡಿತು, 2012ರಲ್ಲಿ ಆ ಪೆಟ್ಟಿಗೆಗಳ ತಯಾರಿಕೆಯನ್ನು ನಿಲ್ಲಿಸಿತು, 2024ರಲ್ಲಿ ಅವುಗಳಿಗಾಗಿ ನಡೆಸುತ್ತಿದ್ದ ಇಂಟರ್‌ನೆಟ್ ಸೇವೆಯನ್ನೂ ಮುಚ್ಚಿತು. ಆದರೂ ಜನರ ಮನೆಗಳಲ್ಲಿ ಹಾಡು ನಿಲ್ಲಲಿಲ್ಲ. ಸರ್ವರ್ ತಂತ್ರಾಂಶದ ಮೂಲ ಎಲ್ಲರಿಗೂ ತೆರೆದಿದ್ದುದರಿಂದ ಬಳಕೆದಾರರೇ ಅದನ್ನು ಸಾಕಿಕೊಂಡು ಬಂದರು. ಅದೇ ವರ್ಷ ಅದಕ್ಕೆ ಲಿರಿಯನ್ ಮ್ಯೂಸಿಕ್ ಸರ್ವರ್ ಎಂದು ಹೊಸ ಹೆಸರಾಯಿತು. ಹಣ ಕೊಡಬೇಕಾಗಿಲ್ಲ. ಇಂಟರ್‌ನೆಟ್ ಇಲ್ಲದ ದಿನವೂ, ರೂಟರಿಗೆ ಕರೆಂಟ್ ಇದ್ದರೆ, ಮನೆಯೊಳಗಿನ ಹಾಡು ಕೇಳುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಸರ್ವರಿಗೆ ಪೈ 3 ಅಥವಾ ಪೈ 4 ಹಲಗೆ, ಅದಕ್ಕೆಂದೇ ಮಾಡಿದ ಪವರ್ ಅಡಾಪ್ಟರ್, ಒಂದು ಮೈಕ್ರೋ ಎಸ್.ಡಿ. ಕಾರ್ಡ್, ಹಾಡುಗಳಿಗೆ ಒಂದು ಪೆನ್‌ಡ್ರೈವ್ ಅಥವಾ ಯುಎಸ್‌ಬಿ ಡಿಸ್ಕ್. ಅಡಾಪ್ಟರಿನಲ್ಲಿ ಜಿಪುಣತನ ಬೇಡ. ಹಳೆಯ ಮೊಬೈಲ್ ಚಾರ್ಜರ್ ಹಾಕಿ, ಯಂತ್ರ ತಾನೇ ನಿಂತು ತಾನೇ ಹೊರಡುತ್ತದೆಂದು ವಾರಗಟ್ಟಲೆ ಒದ್ದಾಡಿದವರಿದ್ದಾರೆ. ಪೈ 3 ಹಲಗೆಗೆ 2.5 ಆಂಪಿಯರ್, ಪೈ 4 ಹಲಗೆಗೆ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಈ ಎರಡು ಹಲಗೆಗಳಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತು ಇದೆ, 2023ರಲ್ಲಿ ಬಂದ ಪೈ 5ರಲ್ಲಿ ಇಲ್ಲ. ಆ ತೂತಿನ ಧ್ವನಿ ಅಷ್ಟಕ್ಕಷ್ಟೆ. ಕಿವಿ ಸೂಕ್ಷ್ಮವಿದ್ದವರು ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿಕೊಳ್ಳುವುದು ಮೇಲು.

ಪೈಗೆ ಪೈಕೋರ್‌ಪ್ಲೇಯರ್ ಎಂಬ ತಂತ್ರಾಂಶ ಹಾಕಲು ನಾನು ಹೇಳುವುದಕ್ಕೆ ಒಂದು ಕಾರಣವಿದೆ. ನಮ್ಮ ಕಡೆಯ ಕರೆಂಟ್! ಮೊದಲು ನಾನು ಬೇರೊಂದು ತಂತ್ರಾಂಶ ಹಾಕಿದ್ದೆ. ಮಳೆಗಾಲದ ಒಂದು ಸಂಜೆ ಕರೆಂಟ್ ಮೂರು ಸಲ ಹೋಗಿ ಬಂದದ್ದೇ ತಡ, ಕಾರ್ಡ್ ಕೆಟ್ಟುಹೋಯಿತು. ಪೈಕೋರ್‌ಪ್ಲೇಯರ್ ಹಾಗಲ್ಲ. ಹೊರಡುವಾಗ ತನ್ನನ್ನು ತಾನು ಕಾರ್ಡಿನಿಂದ ಎತ್ತಿ ನೆನಪಿನ ಕೋಶಕ್ಕೆ, ಅಂದರೆ ರ‍್ಯಾಮಿಗೆ, ಹಾಕಿಕೊಂಡು ಅಲ್ಲಿಂದಲೇ ನಡೆಯುತ್ತದೆ. ಕರೆಂಟ್ ತಟ್ಟನೆ ಹೋದರೂ ತಂತ್ರಾಂಶಕ್ಕೆ ಪೆಟ್ಟಾಗುವುದು ಅಪರೂಪ. ಹಾಡುಗಳ ಪಟ್ಟಿ ಮಾತ್ರ ಕಾರ್ಡಿನಲ್ಲೋ ಡಿಸ್ಕಿನಲ್ಲೋ ಇರುವುದರಿಂದ ಅದು ಎಂದಾದರೂ ಕೆಟ್ಟೀತು. ಪುನಃ ಸ್ಕ್ಯಾನ್ ಮಾಡಿದರೆ ಸರಿಹೋಗುತ್ತದೆ.

ಹಾಕುವ ಕ್ರಮ ಹೀಗೆ. ಮನೆಯ ಲ್ಯಾಪ್‌ಟಾಪಿನಲ್ಲಿ ಪೈಕೋರ್‌ಪ್ಲೇಯರಿನ ಕಡತವನ್ನು ಇಳಿಸಿಕೊಂಡು, ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶದಿಂದ ಕಾರ್ಡಿಗೆ ಬರೆಯಿರಿ. ಸುಮ್ಮನೆ ಕಾಪಿ ಮಾಡಿದರೆ ನಡೆಯುವುದಿಲ್ಲ. ಕಾರ್ಡನ್ನು ಪೈಗೆ ಸಿಕ್ಕಿಸಿ, ಮೊದಲ ಸಲಕ್ಕೆ ವೈಫೈ ಗೊಡವೆ ಬೇಡ, ರೂಟರಿಗೆ ತಂತಿಯಿಂದಲೇ ಜೋಡಿಸಿ ಕರೆಂಟ್ ಕೊಡಿ. ಎರಡು ನಿಮಿಷ ಬಿಟ್ಟು ರೂಟರಿನ ಪುಟದಲ್ಲಿ ಹೊಸದಾಗಿ ಬಂದು ಸೇರಿದ ಯಂತ್ರದ ವಿಳಾಸ ನೋಡಿ. 192.168.1.20 ಎಂಬಂತಹ ಅಂಕಿಗಳಿರುತ್ತವೆ. ಆ ವಿಳಾಸ ಬದಲಾಗದಂತೆ ರೂಟರಿನಲ್ಲೇ ಕಾಯ್ದಿರಿಸಿಬಿಡಿ, ಇಲ್ಲವಾದರೆ ಮುಂದೊಂದು ದಿನ ಹುಡುಕಾಟ ತಪ್ಪದು. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಆ ಅಂಕಿಗಳನ್ನು ಹೊಡೆದರೆ ಪೈಯ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲು ಕಾರ್ಡಿನ ಎರಡನೆಯ ಭಾಗವನ್ನು ಹಿಗ್ಗಿಸಬೇಕು. ಇದನ್ನು ಮರೆತು ಸರ್ವರ್ ಹಾಕಹೊರಟರೆ ಜಾಗ ಸಾಲದೆ ನಿಂತುಹೋಗುತ್ತದೆ. ಆಮೇಲೆ ಎಲ್‌ಎಂಎಸ್ ಎಂಬ ಪುಟಕ್ಕೆ ಹೋಗಿ ಸರ್ವರನ್ನು ಹಾಕಿ, ಹಾಡಿನ ಡಿಸ್ಕನ್ನು ಅಲ್ಲಿಯೇ ಜೋಡಿಸಿ. ಸ್ಕ್ವೀಜ್‌ಲೈಟ್ ಪುಟದಲ್ಲಿ ಧ್ವನಿ ಹೊರಡಬೇಕಾದ ದಾರಿಯನ್ನು ಆರಿಸಿ. ಇಯರ್‌ಫೋನ್ ತೂತೋ ಯುಎಸ್‌ಬಿ ಕಾರ್ಡೋ, ನಿಮಗೆ ಬಿಟ್ಟದ್ದು. ಮಾಡಿದ್ದನ್ನು ಉಳಿಸಲು ಬ್ಯಾಕಪ್ ಎಂಬ ಗುಂಡಿ ಒತ್ತಿದ್ದೀರಾ ಎಂದು ನೋಡಿಕೊಳ್ಳಿ. ಎಲ್ಲವೂ ರ‍್ಯಾಮಿನಲ್ಲಿ ನಡೆಯುವುದರಿಂದ, ಒತ್ತದಿದ್ದರೆ ಮರುದಿನ ಮಾಡಿದ ಕೆಲಸವೆಲ್ಲ ಮಾಯ.

ಇನ್ನು ಅದೇ ವಿಳಾಸದ ಕೊನೆಗೆ ಒಂದು ಕೋಲನ್ ಚಿಹ್ನೆ ಹಾಕಿ 9000 ಎಂದು ಬರೆದರೆ ಲಿರಿಯನ್ನಿನ ಪುಟ ಬರುತ್ತದೆ. ಹಾಡುಗಳಿರುವ ಫೋಲ್ಡರನ್ನು ತೋರಿಸಿದರೆ ಅದು ಎಲ್ಲವನ್ನೂ ಓದಿ ಪಟ್ಟಿ ಮಾಡುತ್ತದೆ. ಮನೆಯ ಯಾವ ಮೊಬೈಲಿನ ಬ್ರೌಸರಿನಿಂದಲೂ ಈ ಪುಟ ತೆರೆದು ಹಾಡು ಆರಿಸಬಹುದು. ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಅವರೇ ನಿಮಗೆ ಹೇಳಿಕೊಡುತ್ತಾರೆ.

ಎರಡನೆಯ ಕೋಣೆಗೆ ದೊಡ್ಡ ಹಲಗೆ ಬೇಡ. 2021ರ ಅಕ್ಟೋಬರಿನಲ್ಲಿ ಹದಿನೈದು ಡಾಲರಿಗೆ ಹೊರಬಂದ ಪೈ ಜೀರೋ 2 ಡಬ್ಲ್ಯೂ ಎಂಬ ಪುಟ್ಟ ಹಲಗೆ, ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಹಳೆಯ ಸ್ಪೀಕರ್ ಇದ್ದರಾಯಿತು. ಎರಡು ಪ್ಲೇಯರುಗಳನ್ನು ಜೊತೆಗೂಡಿಸಿದರೆ ಜಗಲಿಯಲ್ಲೂ ಅಡಿಗೆಮನೆಯಲ್ಲೂ ಒಂದೇ ಹಾಡು ಒಂದೇ ಕ್ಷಣಕ್ಕೆ ಕೇಳುತ್ತದೆ. ಸರ್ವರ್ ಅವುಗಳ ತಾಳ ತಪ್ಪದಂತೆ ಆಗಾಗ ಸರಿಪಡಿಸುತ್ತಿರುತ್ತದೆ. ವೈಫೈ ತಾಳೀತೇ ಎಂಬ ಚಿಂತೆ ಬೇಡ. ಸಿ.ಡಿ.ಯ ಧ್ವನಿ ಕಿಂಚಿತ್ತೂ ಕುಗ್ಗದೆ ಹರಿದರೂ ಸೆಕೆಂಡಿಗೆ 1,411 ಕಿಲೋಬಿಟ್. ಐದು ಕೋಣೆಗೆ ಒಟ್ಟು ಏಳು ಮೆಗಾಬಿಟ್, ಅಷ್ಟೇ.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತರುವ ಕೆಲಸಕ್ಕೆ ತಾಳ್ಮೆ ಬೇಕು, ಏಕೆಂದರೆ ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಕೊಟ್ಟು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಮೈಕಿನ ತೂತಿಗೆ ಕೊಟ್ಟರೆ ಧ್ವನಿ ಒಡೆಯುತ್ತದೆ. ಉಳಿಸುವಾಗ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಗಾತ್ರ ಕುಗ್ಗಿದರೂ ಅದರಲ್ಲಿ ಧ್ವನಿಯ ಒಂದು ಕಣವೂ ನಷ್ಟವಾಗುವುದಿಲ್ಲ. ಸದ್ದು ತೆಗೆಯುವ ಆಸೆಗೆ ಬಿದ್ದು ಧ್ವನಿಯನ್ನು ಉಜ್ಜಲು ಹೋಗಬೇಡಿ. ಆ ಸೌಲಭ್ಯವನ್ನು ಹೆಚ್ಚು ಬಳಸಿದರೆ ಹಾಡುವವರ ಉಸಿರೇ ಹೋಗಿಬಿಡುತ್ತದೆ. ಉಜ್ಜಲೇಬೇಕೆಂದರೆ ಮೂಲವನ್ನು ಹಾಗೆಯೇ ಇಟ್ಟು, ಪ್ರತಿಯನ್ನು ಉಜ್ಜಿ.

ಹೆಸರು ಬರೆಯುವುದರಲ್ಲಿ ಕನ್ನಡಿಗರಿಗೆ ಒಂದು ವಿಶೇಷ ತೊಡಕಿದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ ಹೆಸರು ಈ ಪಟ್ಟಿಯಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಹೆಸರುಗಳನ್ನು ಯೂನಿಕೋಡಿನಲ್ಲೇ ಬರೆಯಿರಿ. ಒಬ್ಬರೇ ಗಾಯಕರ ಹೆಸರನ್ನು ಒಂದು ಕಡೆ ಕನ್ನಡ ಲಿಪಿಯಲ್ಲಿ, ಇನ್ನೊಂದು ಕಡೆ ರೋಮನ್ ಲಿಪಿಯಲ್ಲಿ ಬರೆದರೆ ಯಂತ್ರ ಅವರನ್ನು ಇಬ್ಬರೆಂದು ತಿಳಿಯುತ್ತದೆ. ಮನೆಯವರ ರೆಕಾರ್ಡಿಂಗಿಗಂತೂ ಯಾರ ಧ್ವನಿ, ಎಲ್ಲಿ, ಯಾವ ವರ್ಷ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.

ಇದನ್ನು ಮನೆಯೊಳಗೇ ಇಟ್ಟುಕೊಳ್ಳಿ. ಹೊರಗಿನಿಂದಲೂ ಕೇಳುವ ಹಂಬಲಕ್ಕೆ ರೂಟರಿನಲ್ಲಿ 9000ದ ಬಾಗಿಲು ತೆರೆದಿಟ್ಟರೆ ಲೋಕದ ಯಾರು ಬೇಕಾದರೂ ಒಳಬಂದಾರು. ಪೈಕೋರ್‌ಪ್ಲೇಯರಿನ ಜೊತೆ ಬರುವ ಗುಪ್ತಪದ ಎಲ್ಲರಿಗೂ ಗೊತ್ತಿರುವಂಥದು, ಮೊದಲ ದಿನವೇ ಬದಲಿಸಿ. ಹಣ ಕೊಟ್ಟು ಕೊಂಡ ಕ್ಯಾಸೆಟ್ಟನ್ನು ಮನೆಯವರು ಕೇಳಲು ಹೀಗೆ ಮಾಡಿಕೊಳ್ಳುವುದು ಬೇರೆ, ಅದನ್ನೇ ವಾಟ್ಸ್‌ಆಪ್ ಗುಂಪುಗಳಿಗೆ ಹಂಚುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಎಡೆಕೊಡುವುದು ಖಾಸಗಿ ಉಪಯೋಗದ ನ್ಯಾಯೋಚಿತ ಬಳಕೆಗೆ. ಊರಿಗೆಲ್ಲ ಹಂಚುವುದು ಅದರೊಳಗೆ ಬರುವುದಿಲ್ಲ. ಇನ್ನೊಂದು ಮಾತು: ಒಂದೇ ಡಿಸ್ಕನ್ನು ನಂಬಬೇಡಿ. ನಮ್ಮ ಹಾಡುಗಳ ಎರಡನೆಯ ಪ್ರತಿ ತಂಗಿಯ ಮನೆಯ ಬೀರುವಿನಲ್ಲಿದೆ, ಹಬ್ಬಕ್ಕೆ ಬಂದಾಗಲೆಲ್ಲ ಹೊಸದನ್ನು ತುಂಬಿಕೊಂಡು ಹೋಗುತ್ತಾಳೆ.

ಅಮ್ಮನಿಗೆ ಮೊಬೈಲ್ ಪರದೆ ಒತ್ತಲು ಬಾರದು, ಬೆರಳು ನಡುಗುತ್ತದೆ. ಅವರಿಗಾಗಿ ಲಿರಿಯನ್ನಿನ ಅಲಾರಂ ಬಳಸಿದೆವು. ಪ್ರತಿ ಪ್ಲೇಯರಿಗೂ ಬೇರೆ ಬೇರೆ ಅಲಾರಂ ಇಡಬಹುದು. ಸಂಜೆ ಐದೂವರೆಗೆ ಅವರ ಕೋಣೆಯ ಸ್ಪೀಕರ್ ತಾನಾಗಿ ಹಾಡತೊಡಗುತ್ತದೆ. ಆದರೆ ಪೈ 3, ಪೈ 4 ಹಲಗೆಗಳಲ್ಲಿ ಸ್ವಂತ ಗಡಿಯಾರವಿಲ್ಲ, ಸಮಯವನ್ನು ಇಂಟರ್‌ನೆಟ್ಟಿನಿಂದ ಕೇಳಿ ತಿಳಿದುಕೊಳ್ಳುತ್ತವೆ. ಕರೆಂಟ್ ಬಂದು ಇಂಟರ್‌ನೆಟ್ ಬಾರದ ದಿನ ಅಲಾರಂ ಹೊತ್ತು ತಪ್ಪುತ್ತದೆ. ಅಂಥ ದಿನ ಅಮ್ಮ ಬಾಗಿಲ ಬಳಿ ಬಂದು, "ಇವತ್ತು ಅಪ್ಪ ಯಾಕೆ ಇನ್ನೂ ಹಾಡಲಿಲ್ಲ?" ಎಂದು ಕೇಳುತ್ತಾರೆ.

ಹನ್ನೊಂದು ನಿಮಿಷ ಕಳೆದ ಕೂಡಲೆ ಹಾಡು ತುಂಡಾಗಿ ಕ್ರಿಕೆಟ್ ವಿವರಣೆ ಶುರುವಾಗುತ್ತದೆ. ಅದನ್ನು ಕತ್ತರಿಸಲು ನಾನು ಕೂತಿದ್ದೆ. ಅಮ್ಮ ಬಿಡಲಿಲ್ಲ. "ಇರಲಿ ಮಗಾ, ಆ ದಿನ ನೀವೆಲ್ಲ ಮನೆಯಲ್ಲಿದ್ದಿರಿ" ಎಂದರು.