ಕಥೆಯೊಳಗಿನ ಅಪ್ಪ, ಮನೆಯೊಳಗಿನ ಅಪ್ಪ

ತಂಗೀ, ತಮ್ಮಾ,

ಮೊನ್ನೆ ಹೆಸರುಕಾಯಿ ಬಿಡಿಸುವ ದಿನ ನಮ್ಮೂರು ಮೊರಬದ ಹೊಲದ ಬದುವಿನ ಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಉಣ್ಣಲು ಕೂತಿದ್ದಳು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮೊಬೈಲು. ಮೊಬೈಲಿನಲ್ಲಿ ಪ್ರೀತಿಯ ಧಾರಾವಾಹಿ ಕಥೆ. ಪಲ್ಯಕ್ಕೆ ಇರುವೆ ಹತ್ತಿದ್ದೂ ಅವಳಿಗೆ ಖಬರಿರಲಿಲ್ಲ. ನಾನು ಹತ್ತಿರ ಹೋದಾಗ ತಲೆ ಎತ್ತಿ, "ಅಕ್ಕೋರ, ಇದರಾಗ ಬರದಂಗ ಖರೇನ ಆಗ್ತೈತೇನ್ರಿ?" ಎಂದಳು. ಅವತ್ತು ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ನಿಮಗೆಲ್ಲ ಸೇರಿಸಿ ಹೇಳಬೇಕು ಅನಿಸಿದೆ.

ಆ ಕಥೆಯಲ್ಲಿ ಮನಸ್ಸಿನ ಮಾತು ಖರೆ ಇದೆ. ಹದಿನಾರರ ವಯಸ್ಸಿನಲ್ಲಿ ಒಬ್ಬರ ಹೆಸರು ಕೇಳಿದರೆ ಎದೆ ಹೊಡೆದುಕೊಳ್ಳುವುದು, ಗೆಳತಿ ಮಾತು ಬಿಟ್ಟರೆ ಊಟ ಸೇರದಿರುವುದು, ಇದನ್ನೆಲ್ಲ ಹುಚ್ಚು ಅನ್ನುವ ಹಿರಿಯರು ತಮ್ಮ ಹದಿನಾರನ್ನು ಮರೆತವರು. ಸುಳ್ಳು ಸೇರುವುದು ಬೇರೆ ಕಡೆ. ಇಂಥ ಎಷ್ಟೋ ಕಥೆಗಳಲ್ಲಿ ಅಪ್ಪ ಅಂದರೆ ಒಂದು ಗೋಡೆ. "ಬ್ಯಾಡ" ಅನ್ನುವುದಷ್ಟೇ ಅವನ ಕೆಲಸ. ಯಾಕೆ ಬ್ಯಾಡ ಎಂದು ಬರೆದವರೂ ಕೇಳುವುದಿಲ್ಲ, ಓದುವವರೂ ಕೇಳುವುದಿಲ್ಲ.

ನಿಮ್ಮ ಮನೆಯ ಅಪ್ಪನನ್ನು ನೋಡಿರಿ. ಎರಿ ಹೊಲ, ಮಳೆಯನ್ನೇ ನಂಬಿದ ಬಾಳೇವು. ಹೆಸರು ಕೈಗೆ ಬಂದರೆ ಕಾಲೇಜಿನ ಫೀ. ಬಿಡಿಸುವ ಹೊತ್ತಿಗೆ ಮಳೆ ಹಿಡಿದು ಕಾಯಿ ಗಿಡದಲ್ಲೇ ಮೊಳಕೆ ಒಡೆದರೆ ಸಾಲ. "ನೌಕರಿ ಹಿಡಿ, ಸೈನ್ಸ್ ತಗೋ" ಎಂಬ ಅವನ ಒತ್ತಾಯದೊಳಗೆ ಆ ಮಳೆಯ ಅಂಜಿಕೆ ಇದೆ. ಅವನು ಹೇಳಿದ್ದೇ ಸರಿ ಎನ್ನುತ್ತಿಲ್ಲ. ಬಹಳ ಸಲ ತಪ್ಪೇ ಇರುತ್ತದೆ. ಆದರೆ ಅಂಜಿಕೆ ಯಾವುದು ಎಂದು ತಿಳಿದುಕೊಂಡು ವಾದ ಮಾಡಿದ ಮಕ್ಕಳು ಗೆದ್ದದ್ದನ್ನು ನಾನು ಕಂಡಿದ್ದೇನೆ. ಬಾಗಿಲು ಹಾಕಿಕೊಂಡು ಅತ್ತವರು ಗೆದ್ದದ್ದು ಕಡಿಮೆ.

ಮನೆಯ ಬಡತನವನ್ನೂ ಮಗುವಿನ ಆಸೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟ ಕಥೆ ಬೇಕೆಂದರೆ 1985ರ 'ಬೆಟ್ಟದ ಹೂವು' ನೋಡಿರಿ. ಅಮೆರಿಕದ ಲೇಖಕಿ ಶರ್ಲಿ ಅರೋರಾ ಮಕ್ಕಳಿಗಾಗಿ ಬರೆದ ಕಾದಂಬರಿಯಿಂದ ಎನ್. ಲಕ್ಷ್ಮೀನಾರಾಯಣ ಮಾಡಿದ ಸಿನಿಮಾ. ಅದರಲ್ಲಿ ರಾಮು ಆಗಿ ನಟಿಸಿದ ಪುನೀತ್ ರಾಜ್‌ಕುಮಾರ್ ಆಗ ಇನ್ನೂ ಹುಡುಗ. 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಪೈಸೆ ಪೈಸೆ ಕೂಡಿಸಿದ ರಾಮು ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಅವನಿಗೆ ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಪುಸ್ತಕ ಕೈತಪ್ಪಿದ ನೋವನ್ನೂ ಆ ಕಥೆ ಮುಚ್ಚಿಡುವುದಿಲ್ಲ. ಅದಕ್ಕೇ ಅದು ಖರೆ ಅನಿಸುತ್ತದೆ.

ಇನ್ನು ಗೆಳೆತನ. ಕಥೆಗಳಲ್ಲಿ ಗೆಳತಿಯರು ದ್ರೋಹದಿಂದ ದೂರವಾಗುತ್ತಾರೆ, ಮಳೆಯಲ್ಲಿ ತಬ್ಬಿಕೊಂಡು ಮತ್ತೆ ಒಂದಾಗುತ್ತಾರೆ. ನನ್ನ ತರಗತಿಯಲ್ಲಿ ಐದು ವರ್ಷ ಒಂದೇ ಬೆಂಚಿನ ಮೇಲೆ ಕೂತ ಇಬ್ಬರಿದ್ದರು. ಒಬ್ಬಳು ಬೆಳಗಿನ ಬಸ್ಸಿಗೆ ಧಾರವಾಡದ ಕಾಲೇಜಿಗೆ ಹೋದಳು. ಇನ್ನೊಬ್ಬಳು ಅದೇ ಹೊತ್ತಿಗೆ ಹತ್ತಿ ಬಿಡಿಸಲು ಹೊಲಕ್ಕೆ ಹೋದಳು. ಜಗಳ ಆಗಲಿಲ್ಲ, ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಒಂದು ವರ್ಷದೊಳಗೆ ಮಾತಾಡಲು ಮಾತೇ ಉಳಿಯಲಿಲ್ಲ. ಇಂಥ ಅಗಲಿಕೆಯನ್ನು ಬರೆದ ಕಥೆ ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ನೀವು ಬಸ್ಸು ಹತ್ತುವವರಾದರೆ, ರವಿವಾರ ಆ ಗೆಳತಿಯ ಅಂಗಳಕ್ಕೆ ಹೋಗಿ ಕೂತು ಬನ್ನಿ. ಅವಳಾಗಿ ಬರಲಿ ಎಂದು ಕಾಯಬೇಡಿ, ಅವಳಿಗೆ ಸಂಕೋಚ ಇರುತ್ತದೆ.

ಪ್ರೀತಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಲ್ಲೆ ಅಂದವಳ ಹಿಂದೆ ಬಸ್‌ಸ್ಟ್ಯಾಂಡಿನಿಂದ ಮನೆಯತನಕ ಬರುವ ಹುಡುಗನನ್ನು ಕಥೆ ನಾಯಕ ಅನ್ನಬಹುದು. ನೀವು ಅನ್ನಬೇಡಿ. ತಮ್ಮಾ, ನೀನು ಅಂಥ ನಾಯಕ ಆಗಬೇಡ.

ಓಡಿಹೋಗುವುದನ್ನೂ ನಮ್ಮ ದೊಡ್ಡವರು ಬರೆದಿದ್ದಾರೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಒಲ್ಲದ ಮದುವೆ ತಪ್ಪಿಸಿಕೊಂಡು ಚಿನ್ನಮ್ಮ ಕತ್ತಲಲ್ಲಿ ಕಾಡು ಹಿಡಿಯುತ್ತಾಳೆ. ಅದೇ ಕಾದಂಬರಿಯ ಗುತ್ತಿ ಎಂಬವನು ತಿಮ್ಮಿ ಎಂಬವಳನ್ನು ಕರೆದುಕೊಂಡು ಓಡಿಹೋಗುತ್ತಾನೆ. ಕುವೆಂಪು ಆ ಹಾದಿಯ ಮಳೆ, ಹಸಿವು, ಅಂಜಿಕೆ ಯಾವುದನ್ನೂ ಬಿಟ್ಟಿಲ್ಲ. ಗುತ್ತಿಯ ಬೆನ್ನು ಬಿಡದ 'ಹುಲಿಯ' ಎಂಬ ಹೆಸರಿನ ನಾಯಿ ತುಂಬಿದ ಹೊಳೆಯ ಪಾಲಾಗುವುದನ್ನೂ ಬರೆದಿದ್ದಾರೆ. ಚಿನ್ನಮ್ಮನ ಮೇಲೆ ಅವರಿಗೆ ಪ್ರೀತಿ ಇದೆ, ಅದಕ್ಕೇ ಅವಳು ತೆತ್ತ ಬೆಲೆಯನ್ನು ಮುಚ್ಚಿಡಲಿಲ್ಲ.

ಚಿನ್ನಮ್ಮನಿಗೆ ಕಾಡು ಬಿಟ್ಟರೆ ಬೇರೆ ಹಾದಿ ಇರಲಿಲ್ಲ. ನಿಮಗೆ ಇದೆ. ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ಯಾರಾದರೂ ನಿಮ್ಮನ್ನೋ ನಿಮ್ಮ ಗೆಳತಿಯನ್ನೋ ಒತ್ತಾಯಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿರಿ, ಇಲ್ಲವೆ ನಂಬಿಕೆಯ ಟೀಚರ್ ಒಬ್ಬರಿಗೆ ಹೇಳಿರಿ. ಒಬ್ಬರೇ ನುಂಗಿಕೊಂಡು ಕೂಡಬೇಡಿ.

'ಮದುಮಗಳು' ನನ್ನ ಕಪಾಟಿನಲ್ಲಿದೆ, ಬಂದು ಒಯ್ಯಿರಿ. ಹತ್ತು ಪುಟ ಓದಿದ ಮೇಲೆ ರಾತ್ರಿ ಅವ್ವ ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಕೂತು ಆಕೆಗೂ ಓದಿ ಹೇಳಿರಿ. ಚಿನ್ನಮ್ಮ ಮನೆ ಬಿಡುವ ಪುಟ ಬಂದಾಗ ಸ್ವಲ್ಪ ನಿಲ್ಲಿಸಿ, "ಯವ್ವಾ, ನೀ ಆಗಿದ್ರ ಏನ್ ಮಾಡ್ತಿದ್ದಿ?" ಎಂದು ಕೇಳಿರಿ.